ಬೆಂಗಳೂರಿನ ಬಂಡೆಯೂ ಕಾಣದ ಕಿರಣಗಳೂ

ಬೆಂಗಳೂರಿನ ಲಾಲ್‌ಬಾಗಿಗೆ ಹೋದವರು ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತಿರುವ ಹೆಬ್ಬಂಡೆಯನ್ನು ಏರದೆ ಹಿಂದಿರುಗುವುದು ವಿರಳ. ಸಂಜೆಯ ತಂಪಿನಲ್ಲಿ ಮಕ್ಕಳು ಓಡಿಯಾಡುವ, ಹಿರಿಯರು ಕಾಲು ಚಾಚಿ ಕುಳಿತು ಕಡಲೆಕಾಯಿ ಬಿಡಿಸುವ ಆ ಬಂಡೆಯು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಪುರಾತನವಾದುದೆಂದೂ, ದಕ್ಷಿಣ ಭಾರತದ ಬಹುಭಾಗಕ್ಕೆ ಅಡಿಪಾಯವಾಗಿರುವ ಶಿಲಾಸಮೂಹವು ನೆಲದ ಮೇಲಕ್ಕೆ ತಲೆಯೆತ್ತಿದ ಒಂದು ತುಣುಕು ಅದೆಂದೂ ಭೂವಿಜ್ಞಾನಿಗಳು ಹೇಳುತ್ತಾರೆ. ಹಿಂದಿನ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಡಬ್ಲ್ಯು. ಎಫ್. ಸ್ಮೀತ್ ಎಂಬವರು ಈ ಶಿಲೆಗೆ ‘ಪೆನಿನ್ಸುಲರ್ ನೈಸ್’ ಎಂಬ ಹೆಸರನ್ನಿಟ್ಟರು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಯು ಈ ಬಂಡೆಯನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿತು. ಇದರ ವಿಷಯದಲ್ಲಿ ಸಾಮಾನ್ಯರು ಅಷ್ಟಾಗಿ ಅರಿಯದ ಸಂಗತಿ ಇನ್ನೊಂದುಂಟು: ಹುಟ್ಟಿದಂದಿನಿಂದ ಈ ಗಳಿಗೆಯವರೆಗೆ ಒಂದು ಕ್ಷಣವೂ ಬಿಡುವಿಲ್ಲದೆ ಅದು ವಿಕಿರಣವನ್ನು ಹೊರಸೂಸುತ್ತಲೇ ಬಂದಿದೆ.

ಬಂಡೆಯೊಂದೇ ಏಕೆ? ಅದೇ ಕುಲದ ಕಲ್ಲನ್ನು ಸೀಳಿ ತಂದು ಕಟ್ಟಿದ ಮನೆಗಳ ತಳಪಾಯ, ಹಳೆಯ ಪೇಟೆಯ ಬೀದಿಬದಿಯ ಚಪ್ಪಡಿ, ಅಡುಗೆಮನೆಯ ಕಟ್ಟೆ, ನಾವು ಉಸಿರಾಡುವ ಗಾಳಿ, ಕುಡಿಯುವ ನೀರು, ತಲೆಯ ಮೇಲಣ ಆಕಾಶ, ಕಟ್ಟಕಡೆಗೆ ನಮ್ಮ ಸ್ವಂತ ಮಾಂಸಖಂಡಗಳು, ಇವೆಲ್ಲವೂ ತಮ್ಮ ತಮ್ಮ ಪಾಲಿನ ಕಿರಣಗಳನ್ನು ಅನವರತವೂ ಸೂಸುತ್ತಿರುತ್ತವೆ. ಅಣುಬಾಂಬು ಸಿಡಿಯುವುದಕ್ಕೂ ಪರಮಾಣು ಸ್ಥಾವರಗಳು ತಲೆಯೆತ್ತುವುದಕ್ಕೂ ಎಷ್ಟೋ ಮುಂಚಿನಿಂದ, ಜೀವರಾಶಿಯ ಉದಯಕ್ಕಿಂತಲೂ ಮುಂಚಿನಿಂದ ಇರುವ ಈ ನೈಸರ್ಗಿಕ ವಿಕಿರಣಕ್ಕೆ ವಿಜ್ಞಾನಿಗಳು ಹಿನ್ನೆಲೆ ವಿಕಿರಣವೆನ್ನುತ್ತಾರೆ. ನಗರವಾಸಿಯು ಇದನ್ನು ಕುರಿತು ಎರಡು ವಿಧವಾಗಿ ಎಡವುವುದುಂಟು. ಕೆಲವರು ಹೆಸರು ಕೇಳಿದೊಡನೆ ಭೀತರಾಗಿ, ಕಲ್ಲಿನ ನೆಲವನ್ನೇ ಕೀಳಿಸಲು ಹೊರಡುತ್ತಾರೆ. ಇನ್ನು ಕೆಲವರು ನಿಸರ್ಗದತ್ತವಾದುದೆಲ್ಲ ನಿರಪಾಯಕರವೆಂದು ನಂಬಿ ನಿಶ್ಚಿಂತರಾಗುತ್ತಾರೆ. ಅಳತೆಯ ಫಲಿತಾಂಶವಾದರೋ ಈ ಎರಡು ಪಕ್ಷಗಳನ್ನೂ ಪೂರ್ಣವಾಗಿ ಸಮರ್ಥಿಸುವುದಿಲ್ಲ. ಬಯಲಿನ ವಿಕಿರಣಕ್ಕೆ ಹೆದರಬೇಕಾದ ಕಾರಣ ಸ್ವಲ್ಪವೇ. ಮುಚ್ಚಿದ ಕೋಣೆಯ ಗಾಳಿಯನ್ನು ಉಪೇಕ್ಷಿಸಲು ಕಾರಣ ಇನ್ನೂ ಸ್ವಲ್ಪ.

ಕಲ್ಲಿನೊಳಗಿನ ಗಡಿಯಾರ

ಕಲ್ಲು ಕಿರಣವನ್ನು ಸೂಸುವುದೆಂದರೇನು? ಭೂಮಿಯು ರೂಪುಗೊಂಡಾಗ ಅದರ ದ್ರವ್ಯದಲ್ಲಿ ನಾನಾ ಬಗೆಯ ಅಸ್ಥಿರ ಪರಮಾಣುಗಳು ಸೇರಿಹೋಗಿದ್ದವು. ಅಲ್ಪಾಯುಗಳಾದವು ಎಂದೋ ಕ್ಷಯಿಸಿದವು. ಇಂದಿಗೂ ಉಳಿದಿರುವ ದೀರ್ಘಾಯುಗಳಲ್ಲಿ ಹಿನ್ನೆಲೆ ವಿಕಿರಣದ ದೃಷ್ಟಿಯಿಂದ ಮುಖ್ಯವಾದವು ಮೂರು. ಯುರೇನಿಯಂ-೨೩೮ರ ಅರ್ಧಾಯುಷ್ಯ, ಎಂದರೆ ಅದರ ಒಂದು ರಾಶಿಯಲ್ಲಿ ಅರ್ಧ ಭಾಗವು ಕ್ಷಯಿಸಲು ಬೇಕಾಗುವ ಕಾಲ, ಸುಮಾರು ೪೪೭ ಕೋಟಿ ವರ್ಷ. ಥೋರಿಯಂ-೨೩೨ರದು ಸುಮಾರು ೧,೪೦೦ ಕೋಟಿ ವರ್ಷ. ಪೊಟ್ಯಾಸಿಯಂ-೪೦ರದು ಸುಮಾರು ೧೨೫ ಕೋಟಿ ವರ್ಷ. ಈ ಪರಮಾಣುಗಳ ಬೀಜಕೇಂದ್ರಗಳು ಒಡೆಯುವಾಗ ಆಲ್ಫಾ ಅಥವಾ ಬೀಟಾ ಕಣಗಳನ್ನೂ, ಅನೇಕ ವೇಳೆ ಅವುಗಳೊಡನೆ ಗ್ಯಾಮಾ ಕಿರಣಗಳನ್ನೂ ಹೊರದೂಡುತ್ತವೆ. ಯುರೇನಿಯಂ ಮತ್ತು ಥೋರಿಯಂಗಳಂತೂ ಒಂದೇ ನೆಗೆತಕ್ಕೆ ಶಾಂತವಾಗದೆ, ಹತ್ತಾರು ಮೆಟ್ಟಿಲುಗಳನ್ನಿಳಿದು, ಮೆಟ್ಟಿಲು ಮೆಟ್ಟಿಲಿಗೂ ಹೊಸ ಧಾತುವಾಗಿ ಮಾರ್ಪಟ್ಟು, ಕಡೆಗೆ ಸೀಸವಾಗಿ ನೆಲೆ ನಿಲ್ಲುತ್ತವೆ. ಕರಗಿದ ಶಿಲಾರಸವು ಆರಿ ಗಟ್ಟಿಯಾಗುವಾಗ ಈ ಧಾತುಗಳು ಗ್ರಾನೈಟಿನಂತಹ ಶಿಲೆಗಳಲ್ಲಿಯೇ ಹೆಚ್ಚಾಗಿ ಶೇಖರಗೊಳ್ಳುವುದರಿಂದ, ಕರಿಯ ಬಸಾಲ್ಟಿನ ನೆಲಕ್ಕಿಂತ ಗ್ರಾನೈಟಿನ ನೆಲದಲ್ಲಿ ವಿಕಿರಣವು ಸಾಮಾನ್ಯವಾಗಿ ಅಧಿಕ. ಬೆಂಗಳೂರಿನ ಪಶ್ಚಿಮಕ್ಕೆ, ರಾಮನಗರದ ಸುತ್ತಣ ಬೆಟ್ಟಗಳಾಗಿ ನಿಂತಿರುವ ಕ್ಲೋಸ್‌ಪೇಟೆ ಗ್ರಾನೈಟು ಇದೇ ಜಾತಿಯದು.

ಇಲ್ಲಿ ಒಂದು ಭ್ರಮೆಯನ್ನು ಪರಿಹರಿಸಿಬಿಡುವುದು ಮೇಲು. ಬೀದಿಯಲ್ಲಿ ಮೊಬೈಲ್ ಟವರು ನಿಂತರೆ ವಿಕಿರಣವೆಂದು ಹುಯಿಲೇಳುತ್ತದೆ. ಆದರೆ ಆ ರೇಡಿಯೊ ಅಲೆಗಳ ಶಕ್ತಿಯು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತುಹಾಕಲು ಏನೇನೂ ಸಾಲದು. ಹಾಗೆ ಕಿತ್ತು ಅಯಾನುಗಳನ್ನುಂಟುಮಾಡುವ ಸಾಮರ್ಥ್ಯವುಳ್ಳ ಕಿರಣಗಳೇ ಈ ಲೇಖನದ ವಿಷಯ. ಇಂತಹ ಕಿರಣಗಳನ್ನೆಣಿಸುವ ಗೈಗರ್ ಯಂತ್ರವನ್ನು ಟವರಿನ ಬುಡಕ್ಕೊಯ್ದರೆ ಅದು ಟವರನ್ನು ಲೆಕ್ಕಿಸದು. ಬುಡದಲ್ಲಿ ಹಾಸಿದ ಜಲ್ಲಿಯನ್ನು ಲೆಕ್ಕಿಸುತ್ತದೆ.

ಆಕಾಶದಿಂದ ಇಳಿಯುವ ಪಾಲು

ನೆಲದಿಂದಲೇ ಎಲ್ಲವೂ ಬರುವುದಾದರೆ ಮೇಲೇರಿದಂತೆಲ್ಲ ವಿಕಿರಣವು ತಗ್ಗಬೇಕಷ್ಟೆ. ಇದನ್ನು ಪರೀಕ್ಷಿಸಲು ಥಿಯೊಡೋರ್ ವುಲ್ಫ್ ಎಂಬ ಜೆಸ್ಯುಟ್ ಪಾದ್ರಿ ೧೯೧೦ರಲ್ಲಿ ತಾನೇ ರಚಿಸಿದ ವಿದ್ಯುನ್ಮಾಪಕವನ್ನು ಹೊತ್ತು ಪ್ಯಾರಿಸಿನ ಐಫೆಲ್ ಗೋಪುರದ ತುದಿಗೇರಿದನು. ಮಹಾನಗರವೊಂದರ ನಡುವೆ ನಡೆದ ಈ ಅಳತೆಯಲ್ಲಿ ಅಯಾನೀಕರಣವು ಕಡಮೆಯಾದುದೇನೋ ನಿಜವಾದರೂ, ಲೆಕ್ಕದ ಪ್ರಕಾರ ಸುಮಾರಾಗಿ ಇಲ್ಲವೇ ಆಗಬೇಕಾಗಿದ್ದ ಎತ್ತರದಲ್ಲಿ ಅರ್ಧಕ್ಕಿಂತಲೂ ಹೆಚ್ಚೇ ಉಳಿದಿತ್ತು. ಎರಡು ವರ್ಷಗಳ ತರುವಾಯ, ೧೯೧೨ರ ಆಗಸ್ಟ್ ೭ರಂದು, ಆಸ್ಟ್ರಿಯದ ವಿಕ್ಟರ್ ಹೆಸ್ ಬೆಲೂನಿನಲ್ಲಿ ಐದು ಸಾವಿರ ಮೀಟರಿಗೂ ಮೀರಿ ಏರಿ, ಮೇಲೆ ಮೇಲೆ ಹೋದಂತೆ ವಿಕಿರಣವು ಪ್ರಬಲವಾಗುವುದನ್ನು ಕಂಡು, ಅದು ಭೂಮಿಯ ಹೊರಗಿನಿಂದ ಬರುತ್ತಿದೆಯೆಂದು ನಿರ್ಣಯಿಸಿದನು. ವಿಶ್ವಕಿರಣಗಳ ಈ ಆವಿಷ್ಕಾರಕ್ಕಾಗಿ ೧೯೩೬ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಸಂದಿತು.

ವಿಶ್ವಕಿರಣಗಳ ಚರಿತ್ರೆಯಲ್ಲಿ ನಮ್ಮ ನಾಡಿಗೂ ಗೌರವದ ಸ್ಥಾನವಿದೆ. ಭೂಮಿಯ ಕಾಂತಕ್ಷೇತ್ರವು ವಿದ್ಯುದಾವೇಶವುಳ್ಳ ಕಣಗಳನ್ನು ಸಮಭಾಜಕದ ಬಳಿಯಲ್ಲಿ ಬಹುಮಟ್ಟಿಗೆ ತಡೆಯುವುದರಿಂದ, ಅಲ್ಲಿನ ಮತ್ತು ಉತ್ತರದ ನಾಡುಗಳ ಅಳತೆಗಳನ್ನು ಹೋಲಿಸುವುದು ಅಂದಿನ ಮುಖ್ಯ ಪ್ರಶ್ನೆಗಳಲ್ಲೊಂದಾಗಿತ್ತು. ಅಮೆರಿಕದ ರಾಬರ್ಟ್ ಮಿಲಿಕನ್ ಮತ್ತು ಸಂಗಡಿಗರು ೧೯೩೯-೪೦ರ ಚಳಿಗಾಲದಲ್ಲಿ ಬೆಂಗಳೂರಿನಿಂದಲೂ ಬೆಲೂನುಗಳನ್ನು ಹಾರಿಬಿಟ್ಟದ್ದು ಇದಕ್ಕಾಗಿಯೇ. ಅದೇ ಕಾಲದಲ್ಲಿ ಹೋಮಿ ಭಾಭಾ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ಕೈಗೊಂಡಿದ್ದರು. ಮುಂದೆ ಕೋಲಾರದ ಚಿನ್ನದ ಗಣಿಗಳಲ್ಲಿ, ಎರಡು ಕಿಲೋಮೀಟರಿಗೂ ಮೀರಿದ ಆಳದಲ್ಲಿ, ಈ ಕಿರಣಗಳ ಗದ್ದಲವು ಬಹುತೇಕ ಅಡಗಿದ್ದ ಸ್ಥಳವನ್ನೇ ಆರಿಸಿಕೊಂಡು, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳೆಂಬ ಕಣಗಳ ಗುರುತನ್ನು ೧೯೬೫ರಲ್ಲಿ ಪತ್ತೆಹಚ್ಚಲಾಯಿತು. ಎತ್ತರದೊಡನೆ ವಿಶ್ವಕಿರಣಗಳು ಹೆಚ್ಚುವುದರಿಂದ ನಗರವಾಸಿಗೆ ತಿಳಿಯತಕ್ಕದ್ದು ಇಷ್ಟು: ಸಮುದ್ರಮಟ್ಟದಿಂದ ಸುಮಾರು ೯೨೦ ಮೀಟರ್ ಎತ್ತರದಲ್ಲಿರುವ ಬೆಂಗಳೂರಿನವರು, ಕಡಲ ತೀರದ ಮಂಗಳೂರಿನವರಿಗಿಂತ ವಿಶ್ವಕಿರಣಗಳ ಮುಖ್ಯ ಭಾಗವನ್ನು ಸರಿಸುಮಾರು ಕಾಲುಪಾಲಿನಷ್ಟು ಹೆಚ್ಚಾಗಿ ಪಡೆಯುತ್ತಾರೆ. ಇಬ್ಬರಿಗೂ ಇದು ಅಲ್ಪವೇ.

ಎಣಿಸುವ ಕಲೆ

ಕಾಣದ, ಕೇಳದ, ವಾಸನೆಯಿಲ್ಲದ ವಸ್ತುವನ್ನು ಅಳೆಯುವುದೆಂತು? ಸರ್ವಪರಿಚಿತವಾದ ಉಪಕರಣ ಗೈಗರ್-ಮ್ಯುಲರ್ ಎಣಿಕೆಯಂತ್ರ. ಇದರ ಈಗಿನ ರೂಪಕ್ಕೆ ತಳಹದಿ ಬಿದ್ದದ್ದು ೧೯೨೮ರಲ್ಲಿ. ಬೆರಳುದ್ದದ ಒಂದು ಲೋಹದ ಕೊಳವೆ, ಅದರ ನಡುವೆ ಒಂದು ಸಣ್ಣ ತಂತಿ, ಒಳಗೆ ಕಡಮೆ ಒತ್ತಡದ ಅನಿಲ, ತಂತಿಗೂ ಕೊಳವೆಗೂ ನಡುವೆ ಕೆಲವು ನೂರು ವೋಲ್ಟುಗಳ ವಿದ್ಯುತ್ತು. ಇಷ್ಟೇ ಅದರ ಸಾಮಗ್ರಿ. ಕಿರಣವೊಂದು ಒಳಹೊಕ್ಕು ಒಂದು ಎಲೆಕ್ಟ್ರಾನನ್ನು ಬಿಡಿಸಿದರೆ, ಅದು ತಂತಿಯ ಕಡೆಗೆ ಧಾವಿಸುವಾಗ ದಾರಿಯಲ್ಲಿ ಇನ್ನಷ್ಟನ್ನು ಬಿಡಿಸಿ, ಅವು ಮತ್ತಷ್ಟನ್ನು ಬಿಡಿಸಿ, ಕ್ಷಣಾರ್ಧದಲ್ಲಿ ವಿದ್ಯುತ್ತಿನ ಒಂದು ಮಿಡಿತವುಂಟಾಗುತ್ತದೆ. ಯಂತ್ರವು ‘ಟಿಕ್’ ಎನ್ನುತ್ತದೆ. ಈಗ ಅಂಗೈಯಗಲದ ಇಂತಹ ಯಂತ್ರಗಳು ಅಂತರ್ಜಾಲದ ಅಂಗಡಿಗಳಲ್ಲಿ ಯಾರಿಗಾದರೂ ದೊರೆಯುವುದರಿಂದ, ಕುತೂಹಲಿಗಳಾದ ನಾಗರಿಕರು ತಾವೇ ಊರನ್ನು ಅಳೆಯತೊಡಗಿದ್ದಾರೆ. ಸಂತೋಷದ ವಿಷಯವೇ, ಆದರೆ ಯಂತ್ರದ ಟಿಕ್ಕುಗಳನ್ನು ಓದುವುದಕ್ಕೂ ಒಂದು ಸಂಯಮ ಬೇಕು.

ಮಳೆಯ ಆರಂಭದಲ್ಲಿ ಹೆಂಚಿನ ಮೇಲೆ ಬೀಳುವ ಹನಿಗಳಂತೆ ಈ ಟಿಕ್ಕುಗಳಿಗೆ ನಿಯತವಾದ ತಾಳವಿಲ್ಲ. ಎರಡು ಒಟ್ಟಿಗೆ ಬಿದ್ದು, ಆಮೇಲೆ ಐದಾರು ಸೆಕೆಂಡು ಮೌನವಾಗಿ, ಮತ್ತೆ ಮೂರು ಬೀಳಬಹುದು. ಪರಮಾಣುವಿನ ಕ್ಷಯವು ಯಾದೃಚ್ಛಿಕವಾದ ಘಟನೆಯಾದುದರಿಂದ, ಎಣಿಕೆಯಲ್ಲಿ ಸಹಜವಾಗಿಯೇ ಒಂದು ಅನಿಶ್ಚಯವುಂಟು. ಅದು ಎಣಿಕೆಯ ವರ್ಗಮೂಲದಷ್ಟು. ಒಂದು ನಿಮಿಷದಲ್ಲಿ ೨೦ ಟಿಕ್ಕುಗಳು ಬಂದರೆ ನಾಲ್ಕೈದರಷ್ಟು ಹೆಚ್ಚುಕಡಮೆ ಸ್ವಾಭಾವಿಕ, ಎಂದರೆ ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿದ ಸಂದೇಹ. ಅದೇ ಸ್ಥಳದಲ್ಲಿ ನೂರು ನಿಮಿಷ ತಾಳ್ಮೆಯಿಂದಿದ್ದು ೨,೦೦೦ ಟಿಕ್ಕುಗಳನ್ನು ಕೂಡಿಸಿದರೆ ಸಂದೇಹವು ನೂರಕ್ಕೆ ಎರಡಕ್ಕೆ ಇಳಿಯುತ್ತದೆ. ಆದಕಾರಣ ರಸ್ತೆಯ ಈ ಮಗ್ಗುಲಲ್ಲಿ ೧೭, ಆ ಮಗ್ಗುಲಲ್ಲಿ ೨೪ ಎಂದು ಕಂಡ ಮಾತ್ರಕ್ಕೆ ಆ ಮಗ್ಗುಲಲ್ಲಿ ಏನೋ ಅಪಾಯ ಹುದುಗಿದೆಯೆಂದು ಊಹಿಸುವುದು ಅವಿವೇಕ. ಯಂತ್ರವನ್ನು ನೆಲದಿಂದ ಒಂದು ಮೀಟರ್ ಎತ್ತರದಲ್ಲಿ ಹಿಡಿಯತಕ್ಕದ್ದು. ಎಲ್ಲೆಡೆಯೂ ಅದೇ ಎತ್ತರ, ಅದೇ ಅವಧಿ, ಅದೇ ಯಂತ್ರ. ಇವು ಅಳತೆಯ ಮೊದಲ ಶಿಸ್ತು.

ಈ ಶಿಸ್ತಿನಿಂದ ಊರನ್ನು ಸುತ್ತಿದವನಿಗೆ ಊರಿನ ಭೂಗರ್ಭವೇ ಕಿವಿಗೆ ಕೇಳಿಸತೊಡಗುತ್ತದೆ. ಲಾಲ್‌ಬಾಗಿನ ಬರಿಯ ಬಂಡೆಯ ಮೇಲೆ ಬರುವ ಎಣಿಕೆ ಒಂದು ಬಗೆಯಾದರೆ, ದೋಣಿಯಲ್ಲಿ ಹಲಸೂರು ಕೆರೆಯ ನಡುವಿಗೆ ಹೋದಾಗ ಬರುವುದೇ ಬೇರೆ. ನಾಲ್ಕಾರು ಅಡಿಗಳ ನೀರು ತಳದ ಮಣ್ಣಿನ ಕಿರಣಗಳನ್ನೆಲ್ಲ ಹೀರಿಕೊಳ್ಳುವುದರಿಂದ ಅಲ್ಲಿ ಉಳಿಯತಕ್ಕದ್ದು ಬಹುಮಟ್ಟಿಗೆ ವಿಶ್ವಕಿರಣಗಳ ಎಣಿಕೆಯೂ ಯಂತ್ರದ ಸ್ವಂತ ಕಲ್ಮಷವೂ ಮಾತ್ರ. ಆಕಾಶದ ಪಾಲನ್ನು ನೆಲದ ಪಾಲಿನಿಂದ ಬೇರ್ಪಡಿಸಲು ತಜ್ಞರೂ ವಿಶಾಲವಾದ ಜಲರಾಶಿಯನ್ನೇ ಆಶ್ರಯಿಸುತ್ತಾರೆ. ಬೇಸಗೆಯ ಕೊನೆಯಲ್ಲಿ ಗುಡುಗಿ ಸುರಿಯುವ ಜಡಿಮಳೆಯ ಹೊತ್ತಿಗೆ ಯಂತ್ರವನ್ನು ಕಿಟಕಿಯ ಹೊರಗಿಟ್ಟರಂತೂ ಇನ್ನೊಂದು ಸೋಜಿಗ ಕಾಣುತ್ತದೆ. ನೆಲದಿಂದ ಹೊಮ್ಮುವ ರೇಡಾನ್ ಎಂಬ ಅನಿಲವು ಕ್ಷಯಿಸಿ ಹುಟ್ಟಿ, ಗಾಳಿಯಲ್ಲಿ ತೇಲುತ್ತಿದ್ದ ಪರಮಾಣುಗಳನ್ನು ಮಳೆಹನಿಗಳು ತೊಳೆದು ನೆಲಕ್ಕಿಳಿಸುವುದರಿಂದ ಎಣಿಕೆಯು ತಟಕ್ಕನೆ ಏರಿ, ಆ ಪರಮಾಣುಗಳು ಅರ್ಧ ಗಂಟೆಯೊಳಗಿನ ಅರ್ಧಾಯುಷ್ಯವುಳ್ಳವಾದುದರಿಂದ ಒಂದೆರಡು ಗಂಟೆಗಳಲ್ಲಿ ತಾನಾಗಿಯೇ ಯಥಾಸ್ಥಿತಿಗೆ ಮರಳುತ್ತದೆ. ಇದನ್ನರಿಯದವನು ಎಲ್ಲಿಯೋ ಅಣುಸ್ಥಾವರ ಸೋರಿತೆಂದು ಗಾಬರಿಗೊಂಡರೆ ಆಶ್ಚರ್ಯವಿಲ್ಲ.

ಎಷ್ಟು ಕಿರಣಗಳೆಂಬುದನ್ನು ಗೈಗರ್ ಯಂತ್ರ ಹೇಳುತ್ತದೆಯೇ ಹೊರತು ಯಾವುದರ ಕಿರಣಗಳೆಂಬುದನ್ನು ಹೇಳದು. ಅದನ್ನು ತಿಳಿಯಲು ಸೋಡಿಯಂ ಅಯೊಡೈಡಿನ ಹರಳುಗಳುಳ್ಳ ಉಪಕರಣಗಳು ಬೇಕು. ಗ್ಯಾಮಾ ಕಿರಣವು ಬಡಿದಾಗ ಆ ಹರಳಿನಲ್ಲಿ ಮಿನುಗುವ ಬೆಳಕಿನ ಪ್ರಮಾಣದಿಂದ ಕಿರಣದ ಶಕ್ತಿಯನ್ನೂ, ಶಕ್ತಿಯಿಂದ ಅದರ ವಂಶವನ್ನೂ ಗುರುತಿಸಬಹುದು. ತಿಂಗಳುಗಟ್ಟಲೆ ಸಂಚಿತವಾದ ಮೊತ್ತವನ್ನು ಅಳೆಯಲಾದರೋ, ಕಿರಣಶಕ್ತಿಯನ್ನು ತಮ್ಮೊಳಗೆ ಹಿಡಿದಿಟ್ಟುಕೊಂಡು ಕಾಯಿಸಿದಾಗ ಬೆಳಕಾಗಿ ಹಿಂದಿರುಗಿಸುವ ಪುಡಿಗಳ ಬಿಲ್ಲೆಗಳನ್ನು ಮನೆಗಳಲ್ಲಿ ತೂಗುಹಾಕುತ್ತಾರೆ. ಭಾಭಾ ಪರಮಾಣು ಸಂಶೋಧನ ಕೇಂದ್ರವು ದೇಶದ ನಾನಾ ಸ್ಥಳಗಳಲ್ಲಿ ಹಗಲಿರುಳೂ ಅಳೆಯುವ ಕೇಂದ್ರಗಳ ಜಾಲವೊಂದನ್ನು ನಡೆಸುತ್ತಿದೆ. ಬೆಂಗಳೂರು, ಮೈಸೂರು, ಮಂಗಳೂರು ವಿಶ್ವವಿದ್ಯಾನಿಲಯಗಳ ಭೌತವಿಜ್ಞಾನಿಗಳು ಬಹುಕಾಲದಿಂದ ನಮ್ಮ ಊರುಗಳ ಮಣ್ಣು, ಕಲ್ಲು, ನೀರು, ಮನೆಗಳ ಗಾಳಿಯನ್ನು ಪರೀಕ್ಷಿಸುತ್ತಾ ಬಂದಿದ್ದಾರೆ. ಮಂಗಳೂರಿಗೆ ಸಮೀಪದ ಉಳ್ಳಾಲದ ಕಡಲ ತೀರದ ಮರಳಿನಲ್ಲಿ ವಿಕಿರಣವು ಅಸಾಧಾರಣವಾಗಿ ಅಧಿಕವೆಂಬುದನ್ನು ೧೯೯೩ರಲ್ಲಿ ಪ್ರಕಟಪಡಿಸಿದವರು ಅಲ್ಲಿಯ ವಿದ್ವಾಂಸರೇ.

ಮನೆಯೆಂಬ ಕೃತಕ ಗುಹೆ

ಊರ ಹೊರಗಿನ ಬಯಲಿಗೂ ಊರಿಗೂ ವಿಕಿರಣದಲ್ಲಿ ವ್ಯತ್ಯಾಸವೇನಾದರೂ ಇದ್ದರೆ ಅದಕ್ಕೆ ಕಾರಣ ಕಟ್ಟಡಗಳು. ಬಯಲಿನಲ್ಲಿ ನಿಂತವನಿಗೆ ಕಿರಣಗಳು ಕಾಲ ಕೆಳಗಿನಿಂದ ಬರುತ್ತವೆ. ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳ ಮನೆಯೊಳಗಿರುವವನಿಗೆ ಆರು ದಿಕ್ಕುಗಳಿಂದಲೂ ಬರುತ್ತವೆ. ವಿಶ್ವಸಂಸ್ಥೆಯ ವೈಜ್ಞಾನಿಕ ಸಮಿತಿಯು ಲೋಕದ ನಾನಾ ದೇಶಗಳ ಅಳತೆಗಳನ್ನು ಕ್ರೋಡೀಕರಿಸಿದಾಗ, ನೆಲಮೂಲದ ಗ್ಯಾಮಾ ವಿಕಿರಣವು ಹೊರಾಂಗಣದಲ್ಲಿ ಗಂಟೆಗೆ ಸರಾಸರಿ ೫೯ ನ್ಯಾನೊಗ್ರೇ (ಹೀರಿಕೊಂಡ ವಿಕಿರಣಶಕ್ತಿಯ ಒಂದು ಮಾನ) ಎಂದೂ ಒಳಾಂಗಣದಲ್ಲಿ ೮೪ ಎಂದೂ ಕಂಡುಬಂದಿತು. ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲ್ವೆ ನಿಲ್ದಾಣ ಗ್ರಾನೈಟಿನ ಕಾರಣದಿಂದಲೇ ಈ ವಿಷಯದ ಬರಹಗಳಲ್ಲಿ ಪ್ರಸಿದ್ಧವಾಗಿದೆ. ಸ್ವೀಡನ್ನಿನಲ್ಲಿ ಯುರೇನಿಯಂ ಬೆರೆತ ಜೇಡುಶಿಲೆಯಿಂದ ತಯಾರಿಸಿದ ಹಗುರ ಕಾಂಕ್ರೀಟನ್ನು ೧೯೭೫ರವರೆಗೂ ಮನೆಗಳಿಗೆ ಬಳಸಿ, ಆಮೇಲೆ ಅದರ ಉತ್ಪಾದನೆಯನ್ನೇ ನಿಲ್ಲಿಸಬೇಕಾಯಿತು. ನಮ್ಮಲ್ಲಿಯೂ ಹೊಳೆಯ ಮರಳು ದುರ್ಲಭವಾದ ಮೇಲೆ ಗಾರೆಗೂ ಕಾಂಕ್ರೀಟಿಗೂ ಬಂಡೆಯನ್ನು ಅರೆದ ಎಂ-ಸ್ಯಾಂಡನ್ನೇ ಬಳಸುವ ರೂಢಿ ಬಂದಿದೆ. ಹಿಂದೆ ತಳಪಾಯದಲ್ಲಿದ್ದ ಬಂಡೆಯು ಈಗ ಗೋಡೆಯ ಗಿಲಾವಿಗೂ ಏರಿತೆನ್ನಬೇಕು. ಅಡುಗೆಮನೆಯ ಗ್ರಾನೈಟು ಕಟ್ಟೆಯ ಬಗ್ಗೆ ಗೃಹಿಣಿಯರು ಕೆಲವೊಮ್ಮೆ ಆತಂಕಪಡುವುದುಂಟು. ಬೆರಳ ದಪ್ಪದ ಒಂದು ಹಲಗೆಯು ಮನೆಯ ಸಮಸ್ತ ಗೋಡೆಗಳ ಮುಂದೆ ಎಷ್ಟರದು! ಆ ಆತಂಕವು ನಿರಾಧಾರವೆಂದೇ ಹೇಳಬಹುದು.

ಉಸಿರಿನ ಮೂಲಕ

ಆದರೆ ಗೋಡೆಯ ಗ್ಯಾಮಾ ಕಿರಣಗಳಿಗಿಂತ ಗಂಭೀರವಾದ ಅತಿಥಿಯೊಬ್ಬನು ನೆಲದಿಂದ ಮನೆಗೆ ಬರುತ್ತಾನೆ. ಯುರೇನಿಯಮ್ಮಿನ ವಂಶಾವಳಿಯಲ್ಲಿ ಮಿಕ್ಕವರೆಲ್ಲ ಘನಪದಾರ್ಥಗಳಾಗಿದ್ದು ಹುಟ್ಟಿದ ಕಲ್ಲಿನಲ್ಲಿಯೇ ಸೆರೆಯಾಗಿರುವಾಗ, ರೇಡಾನ್ ಮಾತ್ರ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ, ಯಾವುದರೊಡನೆಯೂ ಸಂಯೋಗಗೊಳ್ಳುವ ಸ್ವಭಾವವೂ ಇಲ್ಲ. ಅದರ ಅರ್ಧಾಯುಷ್ಯ ೩.೮ ದಿನ, ಈ ಅವಧಿಯಲ್ಲಿ ಅದು ಮಣ್ಣಿನ ರಂಧ್ರಗಳಲ್ಲಿ ತೆವಳಿ, ನೆಲಗಟ್ಟಿನ ಬಿರುಕು, ಕೊಳವೆಗಳ ಸಂದುಗಳಿಂದ ಮನೆಯನ್ನು ಪ್ರವೇಶಿಸಬಲ್ಲುದು. ಬಯಲಿಗೆ ಬಂದರೆ ಗಾಳಿಯಲ್ಲಿ ಚದರಿಹೋಗುತ್ತದೆ. ಮುಚ್ಚಿದ ಕೋಣೆಗೆ ಬಂದರೆ ಶೇಖರವಾಗುತ್ತದೆ. ಅನಿಲವನ್ನು ಉಸಿರಾಡಿದರೆ ಬಹುಪಾಲು ಹಾಗೆಯೇ ಹೊರಬೀಳುತ್ತದೆ. ತೊಂದರೆಯಿರುವುದು ಅದರ ಮಕ್ಕಳಲ್ಲಿ. ರೇಡಾನ್ ಕ್ಷಯಿಸಿ ಹುಟ್ಟುವ ಪೊಲೋನಿಯಂ, ಸೀಸ, ಬಿಸ್ಮತ್ತುಗಳ ಅಲ್ಪಾಯು ಪರಮಾಣುಗಳು ಗಾಳಿಯ ಧೂಳಿಗೆ ಅಂಟಿಕೊಂಡು ಶ್ವಾಸನಾಳದ ಒಳಪೊರೆಯ ಮೇಲೆ ಕುಳಿತು, ಅಲ್ಲಿಯೇ ಆಲ್ಫಾ ಕಣಗಳನ್ನು ಸಿಡಿಸುತ್ತವೆ. ಹೊರಗಿನಿಂದ ಬಂದರೆ ಚರ್ಮದ ಮೇಲಣ ನಿರ್ಜೀವ ಪದರವೇ ತಡೆಯಬಲ್ಲ ಆಲ್ಫಾ ಕಣ, ಜೀವಂತ ಕೋಶಗಳ ಮಗ್ಗುಲಲ್ಲಿಯೇ ಹುಟ್ಟಿದಾಗ ತನ್ನ ಶಕ್ತಿಯೆಲ್ಲವನ್ನೂ ಅವುಗಳಲ್ಲಿಯೇ ಸುರಿಯುತ್ತದೆ.

ಈ ಅರಿವು ಬಂದದ್ದು ಗಣಿಗಳಿಂದ. ಜರ್ಮನಿಯ ಶ್ನೇಬರ್ಗಿನ ಗಣಿಗಾರರು ಶತಮಾನಗಳಿಂದ ಎದೆರೋಗವೊಂದರಿಂದ ಅಕಾಲಮೃತ್ಯುವಿಗೀಡಾಗುತ್ತಿದ್ದರು. ಅದು ಶ್ವಾಸಕೋಶದ ಗೆಡ್ಡೆರೋಗವೆಂದು ೧೮೭೯ರಲ್ಲಿ ಗೊತ್ತಾಯಿತು. ರೇಡಾನ್ ಕಾರಣವೆಂಬುದು ಸ್ಪಷ್ಟವಾಗಲು ಮತ್ತೂ ಹಲವು ದಶಕಗಳು ಬೇಕಾದವು. ಮನೆಗಳಲ್ಲಿಯೂ ಅದು ಗಣಿಯ ಮಟ್ಟಕ್ಕೆ ಏರಬಲ್ಲುದೆಂಬುದನ್ನು ಲೋಕಕ್ಕೆ ಮನಗಾಣಿಸಿದ್ದು ೧೯೮೪ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ನಡೆದ ಪ್ರಸಂಗ. ನಿರ್ಮಾಣದ ಹಂತದಲ್ಲಿದ್ದ ಅಣುವಿದ್ಯುತ್ ಸ್ಥಾವರವೊಂದರಲ್ಲಿ ಉದ್ಯೋಗಿಯಾಗಿದ್ದ ಇಂಜಿನಿಯರೊಬ್ಬರು ಬಾಗಿಲಲ್ಲಿದ್ದ ವಿಕಿರಣಶೋಧಕವನ್ನು ಹಾದಾಗಲೆಲ್ಲ ಅದು ಗಂಟೆ ಬಾರಿಸತೊಡಗಿತು. ಸ್ಥಾವರದಿಂದ ಹೊರಹೋಗುವಾಗ ಮಾತ್ರವಲ್ಲದೆ ಮನೆಯಿಂದ ಬಂದು ಒಳಹೋಗುವಾಗಲೂ ಅದು ಬಾರಿಸಿದಾಗ ದೋಷವು ಮನೆಯಲ್ಲಿದೆಯೆಂದು ತಿಳಿಯಿತು. ಪರೀಕ್ಷಿಸಲಾಗಿ ಅವರ ಮನೆಯ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು ಒಂದು ಲಕ್ಷ ಬೆಕೆರೆಲ್ ರೇಡಾನ್ ಇತ್ತು. ಎಂದರೆ ಒಂದು ಘನ ಮೀಟರ್ ಗಾಳಿಯಲ್ಲಿ ಸೆಕೆಂಡಿಗೆ ಒಂದು ಲಕ್ಷ ಪರಮಾಣುಗಳು ಒಡೆಯುತ್ತಿದ್ದವು. ವಿಶ್ವ ಆರೋಗ್ಯ ಸಂಸ್ಥೆಯು ೨೦೦೯ರಲ್ಲಿ ಸೂಚಿಸಿದ ಮಿತಿ ೧೦೦. ಅದು ಸಾಧ್ಯವಾಗದ ದೇಶಗಳಲ್ಲಿಯೂ ೩೦೦ನ್ನು ಮೀರಬಾರದೆಂಬುದು ಅದರ ಅಭಿಪ್ರಾಯ.

ರೇಡಾನನ್ನು ಅಳೆಯುವ ವಿಧಾನವು ಗೈಗರ್ ಯಂತ್ರಕ್ಕಿಂತ ಮೌನವಾದದ್ದು, ಆದರೆ ಅದಕ್ಕಿಂತ ಸೊಗಸಾದದ್ದು. ಚಿಕ್ಕ ಡಬ್ಬಿಯೊಂದರಲ್ಲಿ ಸೆಲ್ಯುಲೋಸ್ ನೈಟ್ರೇಟಿನ ಕೆಂಪು ಫಿಲ್ಮಿನ ತುಣುಕನ್ನಿಟ್ಟು ಮಲಗುವ ಕೋಣೆಯಲ್ಲಿ ಮೂರು ತಿಂಗಳು ತೂಗುಹಾಕುತ್ತಾರೆ. ಆಲ್ಫಾ ಕಣವೊಂದು ಬಡಿದಲ್ಲೆಲ್ಲ ಫಿಲ್ಮಿನಲ್ಲಿ ಕಣ್ಣಿಗೆ ಕಾಣದ ಗಾಯವಾಗುತ್ತದೆ. ಅನಂತರ ಅದನ್ನು ೬೦ ಡಿಗ್ರಿಗೆ ಕಾಯಿಸಿದ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ಸುಮಾರು ಒಂದೂವರೆ ಗಂಟೆ ನೆನೆಸಿದರೆ, ಗಾಯಗೊಂಡ ಜಾಗವು ಬೇಗನೆ ಕೊರೆದು ಸೂಕ್ಷ್ಮವಾದ ತೂತಾಗುತ್ತದೆ. ಆ ತೂತುಗಳನ್ನು ಎಣಿಸಿದರೆ ಮೂರು ತಿಂಗಳ ಗಾಳಿಯ ಲೆಕ್ಕವು ಸಿಕ್ಕುತ್ತದೆ. ಇಷ್ಟು ದೀರ್ಘಕಾಲವೇಕೆಂದರೆ ರೇಡಾನ್ ಚಂಚಲ. ಬಾಗಿಲು ಕಿಟಕಿಗಳು ಮುಚ್ಚಿ, ಗಾಳಿಯು ಸ್ತಬ್ಧವಾಗಿರುವ ರಾತ್ರಿ ಏರಿ, ಬೆಳಗಿನ ಜಾವಕ್ಕೆ ಶಿಖರ ಮುಟ್ಟಿ, ಬಿಸಿಲೇರಿದಂತೆ ಇಳಿಯುತ್ತದೆ. ಚಳಿಗಾಲದಲ್ಲಿ ಅಧಿಕ, ಬೇಸಗೆಯಲ್ಲಿ ಅಲ್ಪ. ಹಳೆಯ ಬೆಂಗಳೂರಿನ ಮನೆಗಳಿಗೆ ಗವಾಕ್ಷಿಗಳಿದ್ದವು, ಕಿಟಕಿಗಳು ತೆರೆದಿರುತ್ತಿದ್ದವು, ಹೆಂಚಿನ ಸಂದಿನಲ್ಲಿಯೂ ಗಾಳಿ ಆಡುತ್ತಿತ್ತು. ಈಗ ಧೂಳು, ಸೊಳ್ಳೆ, ಸದ್ದುಗಳ ನಿವಾರಣೆಗಾಗಿ ಗಾಜು ಮುಚ್ಚಿ ಏ.ಸಿ. ಹಾಕಿಕೊಂಡು ಮಲಗುವ ನೆಲಮಹಡಿಯ ಕೋಣೆಗಳಲ್ಲಿ ರೇಡಾನಿಗೆ ಹೊರಹೋಗುವ ದಾರಿ ಕಿರಿದಾಗಿದೆ. ಮೇಲಂತಸ್ತಿನವರಿಗೆ ಮಣ್ಣಿನಿಂದ ಬರುವ ರೇಡಾನಿನ ಚಿಂತೆ ಬಹಳ ಕಡಮೆ.

ಲೆಕ್ಕವೂ ಅಪಾಯವೂ

ಎಲ್ಲವನ್ನೂ ಕೂಡಿಸಿದರೆ ಆಗುವ ಮೊತ್ತವೆಷ್ಟು? ದೇಹದ ಮೇಲಾಗುವ ಪರಿಣಾಮವನ್ನು ಗಣಿಸುವ ಮಾನ ಸೀವರ್ಟ್. ಅದರ ಸಾವಿರದಲ್ಲೊಂದು ಮಿಲಿಸೀವರ್ಟ್. ವಿಶ್ವಸಂಸ್ಥೆಯ ಸಮಿತಿಯ ಪ್ರಕಾರ ಲೋಕದ ಸರಾಸರಿ ಮನುಷ್ಯನು ನಿಸರ್ಗದಿಂದ ವರ್ಷಕ್ಕೆ ಪಡೆಯುವುದು ೨.೪ ಮಿಲಿಸೀವರ್ಟ್. ಇದರಲ್ಲಿ ವಿಶ್ವಕಿರಣಗಳ ಪಾಲು ಸುಮಾರು ೦.೩೯, ನೆಲ ಗೋಡೆಗಳದು ೦.೪೮, ಅನ್ನಪಾನಗಳದು ೦.೨೯, ಉಸಿರಿನ ಮೂಲಕ ಬರುವ ರೇಡಾನ್ ಮೊದಲಾದವುಗಳದು ೧.೨೬, ಅರ್ಧಕ್ಕಿಂತಲೂ ಹೆಚ್ಚು. ಆಹಾರದ ಪಾಲಿನಲ್ಲಿ ಮುಖ್ಯವಾದುದು ಪೊಟ್ಯಾಸಿಯಂ-೪೦. ವಯಸ್ಕನ ದೇಹದಲ್ಲಿ ಅದರ ನಾಲ್ಕು ಸಾವಿರಕ್ಕೂ ಮಿಕ್ಕ ಪರಮಾಣುಗಳು ಸೆಕೆಂಡು ಸೆಕೆಂಡಿಗೂ ಒಡೆಯುತ್ತಿರುತ್ತವೆ. ಬಾಳೆಹಣ್ಣನ್ನೂ ಎಳನೀರನ್ನೂ ಬಿಟ್ಟರೆ ಇದು ತಗ್ಗುವುದಿಲ್ಲ, ಏಕೆಂದರೆ ಪೊಟ್ಯಾಸಿಯಮ್ಮಿನ ಮಟ್ಟವನ್ನು ದೇಹವೇ ಕಾಪಾಡಿಕೊಳ್ಳುತ್ತದೆ. ಕೈಯಲ್ಲಿರುವ ಗೈಗರ್ ಯಂತ್ರವು ಗಂಟೆಗೆ ೦.೧೦ ಮೈಕ್ರೊಸೀವರ್ಟ್ ತೋರಿಸಿದರೆ ಅದು ವರ್ಷಕ್ಕೆ ೦.೯ ಮಿಲಿಸೀವರ್ಟಿಗಿಂತ ತುಸು ಕಡಮೆ, ಎದೆಯ ಸಿ.ಟಿ. ಸ್ಕ್ಯಾನ್ ಒಂದರಿಂದಲೇ ಇದರ ಹಲವು ಪಟ್ಟು ದೊರೆಯುತ್ತದೆ. ಮುಖ್ಯವಾಗಿ ಗಮನಿಸಬೇಕಾದುದೆಂದರೆ, ಆ ಯಂತ್ರವು ತೋರಿಸುವ ಅಂಕೆಯಲ್ಲಿ ಶ್ವಾಸಕೋಶಕ್ಕೆ ಬೀಳುವ ರೇಡಾನಿನ ಪಾಲು ಸೇರಿಯೇ ಇಲ್ಲ. ಅತಿ ದೊಡ್ಡ ಪಾಲನ್ನು ಬಿಟ್ಟು ಮಿಕ್ಕವನ್ನು ಅಳೆಯುವ ಉಪಕರಣವನ್ನು ನಂಬಿ ಮನೆಯು ಸುರಕ್ಷಿತವೆಂದಾಗಲಿ ಅಪಾಯಕರವೆಂದಾಗಲಿ ತೀರ್ಮಾನಿಸಲಾಗದು.

ಇಷ್ಟು ಅಲ್ಪ ಪ್ರಮಾಣದಿಂದ ಆರೋಗ್ಯಕ್ಕೆ ಹಾನಿಯುಂಟೆ? ಅಯಾನೀಕರಿಸುವ ಕಿರಣವು ಕೋಶದ ವಂಶವಾಹಿ ತಂತುವನ್ನು ಕತ್ತರಿಸಬಲ್ಲುದು. ಬಹುಪಾಲು ಕಡಿತಗಳನ್ನು ಕೋಶವು ತಾನೇ ಸರಿಪಡಿಸಿಕೊಳ್ಳುತ್ತದೆ. ತಪ್ಪಾಗಿ ಸೇರಿದ ಎಲ್ಲಿಯೋ ಒಂದು ಕಡಿತವು ಹಲವು ವರ್ಷಗಳ ಬಳಿಕ ಕ್ಯಾನ್ಸರಿಗೆ ಬೀಜವಾಗಬಹುದು. ಅಧಿಕ ಪ್ರಮಾಣದಲ್ಲಿ ಕಂಡ ಅಪಾಯವು ಪ್ರಮಾಣ ಇಳಿದಂತೆ ಅದೇ ಅನುಪಾತದಲ್ಲಿ ಇಳಿಯುತ್ತದೆಂದೂ, ಶೂನ್ಯದವರೆಗೂ ಸಂಪೂರ್ಣ ನಿರಪಾಯಕರವಾದ ಮಟ್ಟವಿಲ್ಲವೆಂದೂ ಭಾವಿಸಿ ನಿಯಮಗಳನ್ನು ರಚಿಸುವುದು ರೂಢಿ. ಅದು ಎಚ್ಚರಿಕೆಗಾಗಿ ಅಂಗೀಕರಿಸಿದ ನಿಲುವು. ಕೇರಳದ ಕೊಲ್ಲಂ ಜಿಲ್ಲೆಯ ಕರುನಾಗಪಳ್ಳಿಯ ಕರಾವಳಿಯಲ್ಲಿ ಥೋರಿಯಂಯುಕ್ತ ಮೊನಜೈಟ್ ಮರಳಿನಿಂದಾಗಿ ಹಿನ್ನೆಲೆ ವಿಕಿರಣವು ಇತರೆಡೆಗಳಿಗಿಂತ ಹಲವು ಪಟ್ಟು ಹೆಚ್ಚು. ಅಲ್ಲಿಯ ೬೯,೯೫೮ ನಿವಾಸಿಗಳನ್ನು ಸರಾಸರಿ ಹತ್ತೂವರೆ ವರ್ಷ ಅನುಸರಿಸಿದ ಅಧ್ಯಯನವೊಂದು ೨೦೦೯ರಲ್ಲಿ ಪ್ರಕಟವಾಯಿತು. ಆ ಅವಧಿಯಲ್ಲಿ ಕಂಡುಬಂದ ೧,೩೭೯ ಕ್ಯಾನ್ಸರ್ ಪ್ರಕರಣಗಳಲ್ಲಿ ನೆಲದ ಗ್ಯಾಮಾ ವಿಕಿರಣ ಹೆಚ್ಚಿದಂತೆ ರೋಗವೂ ಹೆಚ್ಚಿತೆಂಬುದಕ್ಕೆ ಆಧಾರ ದೊರೆಯಲಿಲ್ಲ. ಹಾಗಿರುವಲ್ಲಿ ಬೆಂಗಳೂರಿನ ಬಂಡೆಯ ಮೇಲೆ ಕುಳಿತವನು ಭಯಪಡಲು ಕಾರಣವಿಲ್ಲ.

ರೇಡಾನಿನ ವಿಷಯದಲ್ಲಾದರೋ ಸಾಕ್ಷ್ಯದ ಮುಖ ಬೇರೆ. ಯೂರೋಪಿನ ೧೩ ಅಧ್ಯಯನಗಳನ್ನು, ೭,೧೪೮ ಶ್ವಾಸಕೋಶದ ಕ್ಯಾನ್ಸರ್ ರೋಗಿಗಳನ್ನೂ ೧೪,೨೦೮ ಮಂದಿ ಇತರರನ್ನೂ ಒಟ್ಟುಗೂಡಿಸಿ ೨೦೦೫ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯಂತೆ, ಮನೆಯ ಗಾಳಿಯಲ್ಲಿ ದೀರ್ಘಕಾಲದ ರೇಡಾನ್ ಪ್ರಮಾಣವು ಘನ ಮೀಟರಿಗೆ ೧೦೦ ಬೆಕೆರೆಲ್ ಹೆಚ್ಚಿದಂತೆಲ್ಲ ರೋಗದ ಸಂಭವ ಶೇಕಡ ೧೬ರಷ್ಟು ಏರುತ್ತದೆ. ಶೇಕಡ ೧೬ ಎಂದರೆ ಎಷ್ಟೆಂಬುದು ಮೂಲದಲ್ಲಿ ಎಷ್ಟಿತ್ತೆಂಬುದನ್ನು ಅವಲಂಬಿಸಿದೆ. ಜನ್ಮದಲ್ಲಿ ಹೊಗೆಬತ್ತಿಯನ್ನು ಮುಟ್ಟದವರು ೭೫ ವರ್ಷಗಳೊಳಗೆ ಈ ರೋಗದಿಂದ ಸಾಯುವ ಸಂಭವ, ರೇಡಾನ್ ಇಲ್ಲದಿದ್ದರೆ ಸಾವಿರಕ್ಕೆ ಸುಮಾರು ನಾಲ್ಕು, ೪೦೦ ಬೆಕೆರೆಲ್ ಇದ್ದರೆ ಏಳು. ನಿತ್ಯವೂ ಸೇದುವವರಲ್ಲಿ ಅದೇ ಸಂಭವ ಸಾವಿರಕ್ಕೆ ಸುಮಾರು ನೂರರಿಂದ ನೂರ ಅರವತ್ತಕ್ಕೆ ಏರುತ್ತದೆ. ಹೊಗೆಯೂ ರೇಡಾನೂ ಕೂಡಿದಲ್ಲಿ ಒಂದರ ಹಾನಿಯನ್ನು ಇನ್ನೊಂದು ಗುಣಿಸುತ್ತದೆ. ರೇಡಾನ್‌ಮೂಲದ ಸಾವುಗಳಲ್ಲಿ ಬಹುಪಾಲು ಸೇದುವವರ ಪಾಲಿಗೆ ಬರುವುದು ಈ ಕಾರಣದಿಂದ.

ಕೊಳವೆಬಾವಿಯ ನೀರಿನ ಮಾತನ್ನೂ ಇಲ್ಲಿ ಸೇರಿಸಬೇಕು. ಆಳದ ಶಿಲಾಸಂದುಗಳ ನೀರಿನಲ್ಲಿ ರೇಡಾನ್ ಕರಗಿರುತ್ತದೆ. ತೊಟ್ಟಿಯಲ್ಲಿ ತುಂಬಿಟ್ಟು ಕಲಕಿದರೆ ಅಥವಾ ಕುದಿಸಿದರೆ ಅದು ಗಾಳಿಗೆ ಸೇರಿಹೋಗುತ್ತದೆ. ಕರಗಿರುವ ಯುರೇನಿಯಂ ಹಾಗೆ ಹೋಗದು; ಅದರಿಂದ ಮೂತ್ರಪಿಂಡಗಳಿಗಾಗುವ ರಾಸಾಯನಿಕ ಬಾಧೆಯೇ ವಿಕಿರಣದ ಬಾಧೆಗಿಂತ ಮುಖ್ಯವಾದುದರಿಂದ, ವಿಶ್ವ ಆರೋಗ್ಯ ಸಂಸ್ಥೆಯು ಲೀಟರಿಗೆ ೩೦ ಮೈಕ್ರೊಗ್ರಾಮಿನ ಮಿತಿಯನ್ನು ಸೂಚಿಸಿದೆ. ಗ್ರಾನೈಟು ನೆಲದ ಕೊಳವೆಬಾವಿಯ ನೀರನ್ನೇ ಕುಡಿಯುವವರು ಅದನ್ನೊಮ್ಮೆ ಪ್ರಯೋಗಾಲಯಕ್ಕೆ ಕಳುಹಿಸುವುದು ಒಳ್ಳೆಯದು.

ಇಷ್ಟೆಲ್ಲ ವಿಚಾರದಿಂದ ಗೃಹಸ್ಥನು ಅನುಸರಿಸತಕ್ಕ ಕ್ರಮವು ಕಷ್ಟದ್ದೇನಲ್ಲ. ಮನೆಯಲ್ಲಿ ಸೇದುವವರಿದ್ದರೆ ಬಿಡಿಸುವುದು ಮೊದಲನೆಯದು. ಬೇರೆ ಯಾವ ಉಪಾಯವೂ ಇದಕ್ಕೆ ಸಮನಾಗಲಾರದು. ನೆಲಮಹಡಿಯ ಮಲಗುವ ಕೋಣೆಗೆ ದಿನಕ್ಕೆ ಎರಡು ಹೊತ್ತಾದರೂ ಎದುರುಬದುರಿನ ಗಾಳಿಯಾಡಿಸುವುದು, ನೆಲಗಟ್ಟಿನ ಬಿರುಕುಗಳನ್ನೂ ಕೊಳವೆಗಳು ನೆಲವನ್ನು ಹಾಯುವ ಸಂದುಗಳನ್ನೂ ಸಿಮೆಂಟಿನಿಂದ ಮುಚ್ಚಿಸುವುದು ಎರಡನೆಯದು. ಅಳತೆ ಬೇಕೆನ್ನುವವರು ಗೈಗರ್ ಯಂತ್ರಕ್ಕೆ ಹಣ ತೆರುವ ಬದಲು, ತಿಂಗಳುಗಟ್ಟಲೆ ತೂಗುಹಾಕುವ ರೇಡಾನ್ ಮಾಪಕವನ್ನು ಬಲ್ಲವರಿಂದ ಇಡಿಸಿ, ಸಾಧ್ಯವಾದರೆ ವರ್ಷದ ಎಲ್ಲ ಋತುಗಳ ಲೆಕ್ಕವನ್ನೂ ತೆಗೆಸಬೇಕು. ಘನ ಮೀಟರಿಗೆ ನೂರು ಬೆಕೆರೆಲ್ಲಿನ ಒಳಗೆ ಬಂದರೆ ಆ ಚಿಂತೆಯನ್ನು ಅಲ್ಲಿಗೇ ಬಿಡಬಹುದು. ಮುನ್ನೂರನ್ನು ಮೀರಿದರೆ ಮನೆಯನ್ನು ಬಿಡಬೇಕಾಗಿಲ್ಲ, ನೆಲದಡಿಯ ಗಾಳಿಯನ್ನು ಕೊಳವೆಯೊಂದರ ಮೂಲಕ ಹೊರಕ್ಕೆಳೆಯುವ ಪಂಖವನ್ನು ಕೂಡಿಸಿದರೆ ಸಾಮಾನ್ಯವಾಗಿ ಸಾಕು. ಮಹಾನಗರ ಪಾಲಿಕೆಗಳು ಕಟ್ಟಡದ ನಕ್ಷೆಗೆ ಒಪ್ಪಿಗೆ ಕೊಡುವಾಗ ಮಳೆನೀರಿನ ಕೊಯ್ಲನ್ನು ವಿಚಾರಿಸುವಂತೆಯೇ ನೆಲಮಹಡಿಯ ಗಾಳಿಯ ಸಂಚಾರವನ್ನೂ ವಿಚಾರಿಸತೊಡಗಿದರೆ, ಮನೆ ಕಟ್ಟುವವನಿಗೆ ಹೆಚ್ಚಿನ ಖರ್ಚಿಲ್ಲದೆ ಇದರ ಬಹುಭಾಗವು ತಾನಾಗಿಯೇ ಪರಿಹಾರವಾದೀತು.